ಬೋರ್ಡಿನ ಹೆಸರು ಒಂದು, ಯಜಮಾನರು ಇನ್ನೊಬ್ಬರು
(ಹೊರರಾಜ್ಯದ ಟ್ರಸ್ಟುಗಳ ವ್ಯಾಪಾರನಾಮದ ಬಗ್ಗೆ ಬೆಳೆಗಾರರಿಗೆ ಒಂದು ಪಾಠ)

ಕಳೆದ ಸುಗ್ಗಿ ಮುಗಿದ ಮೇಲೆ ನಮ್ಮ ಸದಸ್ಯರೊಬ್ಬರು ಸಂಘದ ಕಚೇರಿಗೆ ಮೂರು ಕಾಗದ ಹಿಡಿದುಕೊಂಡು ಬಂದರು. ಒಂದು ಲಾರಿ ಆಫೀಸಿನ ರಸೀದಿ, ಇನ್ನೊಂದು ಅಂಗಡಿಯವರು ಬರೆದುಕೊಟ್ಟ ಬಿಳಿ ಚೀಟಿ, ಮೂರನೆಯದು ಬ್ಯಾಂಕಿನಿಂದ ವಾಪಸು ಬಂದ ಚೆಕ್ಕು. ಬಂಗಾರಪೇಟೆಯ ರೈಲ್ವೆ ನಿಲ್ದಾಣದ ಹತ್ತಿರ ಹೊಸದಾಗಿ ತೆರೆದಿದ್ದ ಒಂದು ಅಂಗಡಿಗೆ ಅವರು ಹನ್ನೊಂದು ಮೂಟೆ ಕಾಫಿ ಬೀಜವನ್ನೂ ನಾಲ್ಕು ಮೂಟೆ ಚಾಲಿ ಅಡಿಕೆಯನ್ನೂ ಉದ್ರಿಗೆ ಕಳುಹಿಸಿದ್ದರು. ಅಂಗಡಿಯ ಬೋರ್ಡಿನಲ್ಲಿ ಕಾಫಿ ಪುಡಿಯ ಒಂದು ಚೆಂದದ ಹೆಸರು. ಬಿಳಿ ಚೀಟಿಯಲ್ಲಿಯೂ ಅದೇ. ಆದರೆ ಚೆಕ್ಕಿನ ಮೇಲೆ ಅಚ್ಚಾಗಿದ್ದುದು ಯಾವುದೋ ಟ್ರಸ್ಟಿನ ಹೆಸರು, ಬ್ಯಾಂಕಿನ ಶಾಖೆ ತಮಿಳುನಾಡಿನದು. ಬೋರ್ಡಿನ ಹೆಸರಿಗೆ ಬರೆದ ರಿಜಿಸ್ಟರ್ಡ್ ಕಾಗದ ಹಾಗೆಯೇ ವಾಪಸಾಗಿತ್ತು.

ಅವರು ಕೇಳಿದ ಪ್ರಶ್ನೆ ಸರಳವಾದುದು. “ಈ ಹೆಸರು ಯಾವ ಆಫೀಸಿನಲ್ಲಿ ರಿಜಿಸ್ಟರ್ ಆಗಿದೆ? ಅಲ್ಲಿಗೆ ಹೋಗಿ ನೋಡಿದರೆ ಯಜಮಾನರು ಯಾರೆಂದು ತಿಳಿಯುವುದಿಲ್ಲವೆ?”

ಪ್ರಶ್ನೆ ಸರಳ, ಉತ್ತರ ಅಷ್ಟು ಸರಳವಲ್ಲ. ಆದುದರಿಂದ ಈ ಸಂಚಿಕೆಯಲ್ಲಿ ಗೊಬ್ಬರ, ಔಷಧಿಗಳ ವಿಷಯವನ್ನು ಬದಿಗಿಟ್ಟು ಇದನ್ನೇ ತೆಗೆದುಕೊಂಡಿದ್ದೇವೆ. ಕಾಫಿ ಮಂಡಳಿಯ ಪೂಲು ಇದ್ದ ಕಾಲದಲ್ಲಿ ನಮಗೆ ಈ ತಾಪತ್ರಯ ಇರಲಿಲ್ಲ. ಬೀಜ ಪೂಲಿಗೆ ಹೋಗುತ್ತಿತ್ತು, ಹಣ ಕಂತು ಕಂತಾಗಿ, ತಡವಾಗಿಯಾದರೂ, ಒಂದೇ ಕಡೆಯಿಂದ ಬರುತ್ತಿತ್ತು. 1996ರ ಹೊತ್ತಿಗೆ ಮಾರಾಟ ಪೂರ್ತಿ ಮುಕ್ತವಾದ ಮೇಲೆ ಕೊಳ್ಳುವವರು ನಾನಾ ಹೆಸರಿನಲ್ಲಿ ಗೇಟಿನ ಮುಂದೆ ನಿಲ್ಲತೊಡಗಿದರು. ಒಳ್ಳೆಯ ಬೆಲೆಯೂ ಬಂತು, ಇಂಥ ಚೆಕ್ಕುಗಳೂ ಬಂದವು.

ಘಟ್ಟದ ನಮಗೂ ಬಯಲುಸೀಮೆಯ ಬಂಗಾರಪೇಟೆಗೂ ಏನು ಸಂಬಂಧವೆಂದು ಕೆಲವರು ಕೇಳಬಹುದು. ಅದು ಬೆಂಗಳೂರು–ಮದರಾಸು ರೈಲು ದಾರಿಯ ಜಂಕ್ಷನ್ನು. ಅಲ್ಲಿಂದ ಒಂದು ಕವಲು ಚಿನ್ನದ ಗಣಿಯ ಮಾರಿಕುಪ್ಪಕ್ಕೂ ಇನ್ನೊಂದು ಕೋಲಾರಕ್ಕೂ ಹೋಗುತ್ತದೆ. ಒಂದು ಕಡೆ ಆಂಧ್ರದ ಕುಪ್ಪಂ, ಇನ್ನೊಂದು ಕಡೆ ತಮಿಳುನಾಡಿನ ಕೃಷ್ಣಗಿರಿ, ಎರಡೂ ದೂರವಲ್ಲ. ಕನ್ನಡ, ತಮಿಳು, ತೆಲುಗು ಮೂರೂ ಆಡುವ, ಬೆಳಿಗ್ಗೆ ಸಂಜೆ ಡಿಕಾಕ್ಷನ್ ಇಳಿಸುವ ಮನೆಗಳಿರುವ ಸೀಮೆ. ಗಡಿಯಾಚೆಯವರು ಈಚೆ ಬಂದು ಅಂಗಡಿ ಇಡುವುದು ಅಲ್ಲಿ ದಿನದ ಮಾತು.

ಹೆಸರಿನ ವಿಷಯದಲ್ಲಿಯೂ ಆ ಸೀಮೆ ಪಾಠ ಹೇಳುವಂಥದೇ. ಬಂಗಾರಪೇಟೆಯೇ ಹಿಂದೆ ಬೌರಿಂಗ್‌ಪೇಟೆ. 1862ರಿಂದ 1870ರವರೆಗೆ ಮೈಸೂರಿನ ಕಮಿಷನರಾಗಿದ್ದ ಲೆವಿನ್ ಬೌರಿಂಗ್ ಅವರ ಹೆಸರು. ಹಳೆಯ ಪತ್ರಗಳಲ್ಲಿ ಆ ಹೆಸರೇ ಇರುತ್ತದೆ, ಊರು ಮಾತ್ರ ಅದೇ. ಇನ್ನು ಚಿನ್ನದ ಗಣಿ. 1880ರಿಂದ ಗಣಿಗಳ ಆಡಳಿತ ನೋಡಿಕೊಂಡವರು ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್. ಆದರೆ ಗಣಿ ಅವರದಲ್ಲ. ಮೈಸೂರು, ಚಾಂಪಿಯನ್ ರೀಫ್, ಊರಿಗಾಂ, ನಂದಿದುರ್ಗ ಎಂದು ಬೇರೆ ಬೇರೆ ಕಂಪನಿಗಳು, ಪ್ರತಿಯೊಂದಕ್ಕೂ ಅದರದೇ ಷೇರುದಾರರು. ಟೇಲರ್ ಕಂಪನಿಯವರು ಮ್ಯಾನೇಜರರು. 1956ರಲ್ಲಿ ಮೈಸೂರು ಸರ್ಕಾರ ಗಣಿಗಳನ್ನು ವಹಿಸಿಕೊಂಡಿತು, 1962ರಲ್ಲಿ ಅವು ಕೇಂದ್ರಕ್ಕೆ ಹೋದವು, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಲಿಮಿಟೆಡ್ ಎಂಬ ಕಂಪನಿಯಾಯಿತು, 2001ರ ಫೆಬ್ರವರಿ 28ರಂದು ಬಾಗಿಲು ಹಾಕಿತು. ಬೋರ್ಡು ಮೂರು ಸಲ ಬದಲಾದರೂ ಸುರಂಗ ಅದೇ. ಹಣ ಯಾರಿಂದ ಬರಬೇಕೆಂಬುದು ಮಾತ್ರ ಪ್ರತಿ ಸಲವೂ ಬೇರೆ. ಆಡಳಿತ ಮಾಡುವವರು ಬೇರೆ, ಒಡೆಯರು ಬೇರೆ ಎಂಬ ಮಾತು ಕೆಜಿಎಫ್‌ನವರಿಗೆ ನಾವು ಹೇಳಿಕೊಡಬೇಕಾದುದಿಲ್ಲ.

ಈಗ ಪ್ರಶ್ನೆಗೆ ಬರೋಣ. ಅಮೆರಿಕದ ಅನೇಕ ರಾಜ್ಯಗಳಲ್ಲಿ ತನ್ನ ಸ್ವಂತ ಹೆಸರಲ್ಲದ ಹೆಸರಿನಲ್ಲಿ ವ್ಯಾಪಾರ ಮಾಡುವವರು ಆ ಹೆಸರನ್ನು ಸರ್ಕಾರಿ ಕಚೇರಿಯಲ್ಲಿ ದಾಖಲು ಮಾಡಬೇಕು. ಇಂಗ್ಲೆಂಡಿನಲ್ಲಿಯೂ 1916ರ ಕಾಯಿದೆಯ ಪ್ರಕಾರ ಅಂಥ ಒಂದು ರಿಜಿಸ್ಟರು ಇತ್ತು, 1980ರ ದಶಕದಲ್ಲಿ ಅದನ್ನು ಕೈಬಿಟ್ಟರು. ನಮ್ಮ ದೇಶದಲ್ಲಿ ವ್ಯಾಪಾರನಾಮಕ್ಕೆಂದೇ ಇರುವ ಅಂಥ ಒಂದು ಪುಸ್ತಕ ಇಲ್ಲ. ಬದಲಿಗೆ ಒಂದೇ ಹೆಸರು ಐದಾರು ಕಚೇರಿಗಳ ಪುಸ್ತಕಗಳಲ್ಲಿ ಚೂರುಚೂರಾಗಿ ಕುಳಿತಿರುತ್ತದೆ. ಯಾವ ಪುಸ್ತಕದಲ್ಲಿ ಯಾವ ಚೂರು ಎಂದು ತಿಳಿದವರು ಅರ್ಧ ಗಂಟೆಯಲ್ಲಿ ಯಜಮಾನರನ್ನು ಹುಡುಕಬಲ್ಲರು.

ಮೊದಲು ಟ್ರಸ್ಟು ಎಂದರೇನೆಂದು ಸ್ಪಷ್ಟ ಮಾಡಿಕೊಳ್ಳಬೇಕು. ಕಂಪನಿಗೆ, ನಮ್ಮಂಥ ಸಹಕಾರ ಸಂಘಕ್ಕೆ, ಕಾನೂನಿನಲ್ಲಿ ವ್ಯಕ್ತಿತ್ವವಿದೆ. ಸಂಘ ತನ್ನ ಹೆಸರಿನಲ್ಲೇ ದಾವೆ ಹೂಡಬಹುದು, ಆಸ್ತಿ ಹೊಂದಬಹುದು. ಟ್ರಸ್ಟಿಗೆ ಹಾಗೆ ಇಲ್ಲ. ಟ್ರಸ್ಟು ಎಂಬುದು ಒಂದು ಹೊಣೆ. ಆಸ್ತಿ ಇರುವುದು ಟ್ರಸ್ಟಿಗಳ, ಅಂದರೆ ನಮ್ಮ ಹಿರಿಯರು ಹೇಳುತ್ತಿದ್ದ ಧರ್ಮದರ್ಶಿಗಳ, ಕೈಯಲ್ಲಿ. ಅದರ ಫಲ ಬೇರೆಯವರಿಗೆ. ಹಾಗಾಗಿ ಟ್ರಸ್ಟಿನೊಡನೆ ವ್ಯವಹಾರವೆಂದರೆ ಟ್ರಸ್ಟಿಗಳೊಡನೆ ವ್ಯವಹಾರ. ಖಾಸಗಿ ಟ್ರಸ್ಟುಗಳಿಗೆ 1882ರ ಭಾರತೀಯ ಟ್ರಸ್ಟುಗಳ ಕಾಯಿದೆ ಅನ್ವಯಿಸುತ್ತದೆ. ಅದರ 48ನೆಯ ಕಲಮಿನಂತೆ, ಟ್ರಸ್ಟು ಪತ್ರದಲ್ಲಿ ಬೇರೆ ರೀತಿ ಬರೆದಿಲ್ಲದಿದ್ದರೆ, ಎಲ್ಲ ಟ್ರಸ್ಟಿಗಳೂ ಒಟ್ಟಾಗಿ ಕಾರ್ಯ ನಡೆಸಬೇಕು. 47ನೆಯ ಕಲಮಿನಂತೆ ತಮ್ಮ ಹೊಣೆಯನ್ನು ಮನಸ್ಸಿಗೆ ಬಂದವರಿಗೆ ವಹಿಸಿಬಿಡುವಂತಿಲ್ಲ. ಪತ್ರದಲ್ಲಿ ಅವಕಾಶವಿರಬೇಕು, ಇಲ್ಲವೆ ವ್ಯವಹಾರದ ರೂಢಿಯೋ ಅಗತ್ಯವೋ ಇರಬೇಕು. ಧರ್ಮಾರ್ಥ ಟ್ರಸ್ಟುಗಳಿಗೆ ಈ ಕಾಯಿದೆ ನೇರವಾಗಿ ಅನ್ವಯಿಸದು. ಅಂಗಡಿಯಲ್ಲಿ ಕುಳಿತ ಮ್ಯಾನೇಜರು “ಎಲ್ಲಾ ನಂದೇ ಜವಾಬ್ದಾರಿ ಸ್ವಾಮಿ” ಎಂದರೆ ಅದು ಆತನ ಸೌಜನ್ಯ. ಟ್ರಸ್ಟಿಗಳ ಠರಾವಿನ ಪ್ರತಿ ಕೇಳುವುದು ನಮ್ಮ ಹಕ್ಕು.

ಹೊರರಾಜ್ಯದ ಟ್ರಸ್ಟೊಂದು ಬಂಗಾರಪೇಟೆಯಲ್ಲಿ ಬೇರೆ ಹೆಸರಿನ ಅಂಗಡಿ ತೆರೆಯುವುದು ತಪ್ಪಲ್ಲ ಎಂಬುದನ್ನೂ ಹೇಳಬೇಕು. ತಮಿಳುನಾಡಿನಲ್ಲಿ ನೋಂದಣಿಯಾದ ಟ್ರಸ್ಟು ಪತ್ರವನ್ನು ಇಲ್ಲಿ ಮತ್ತೊಮ್ಮೆ ನೋಂದಾಯಿಸಬೇಕಾಗಿಲ್ಲ. ಆದರೆ ಅಂಗಡಿ ಇಟ್ಟ ಮೇಲೆ ಇಲ್ಲಿನ ಕಾಗದಗಳು ಆಗಲೇಬೇಕು. ಕರ್ನಾಟಕದ ಅಂಗಡಿಗಳು ಮತ್ತು ವಾಣಿಜ್ಯ ಸಂಸ್ಥೆಗಳ ಕಾಯಿದೆ, 1961ರ ಪ್ರಕಾರ ವ್ಯಾಪಾರ ಶುರುವಾದ 30 ದಿನಗಳೊಳಗೆ ಕಾರ್ಮಿಕ ಇಲಾಖೆಗೆ ಅರ್ಜಿ ಹೋಗಬೇಕು. ಆ ಅರ್ಜಿಯಲ್ಲಿ ಸಂಸ್ಥೆಯ ಹೆಸರು ಒಂದು ಕಡೆ, ಮಾಲೀಕರ ಹೆಸರು ಇನ್ನೊಂದು ಕಡೆ ಬರೆಯಬೇಕಾಗುತ್ತದೆ. ನಾವು ಹುಡುಕುವ ಜೋಡಿ ಇದೇ. ಬಂಗಾರಪೇಟೆಯಾದರೆ ಪುರಸಭೆ, ಕೆಜಿಎಫ್ ಆದರೆ ರಾಬರ್ಟ್‌ಸನ್‌ಪೇಟೆ ನಗರಸಭೆ, ಅಲ್ಲಿಂದ ವ್ಯಾಪಾರ ಪರವಾನಗಿ. ಕಾಫಿ ಪುಡಿ ಮಾರುವುದಾದರೆ ಆಹಾರ ಸುರಕ್ಷತೆಯ ಲೈಸೆನ್ಸು ಅಥವಾ ನೋಂದಣಿ. ಪೊಟ್ಟಣದ ಮೇಲೆ ತಯಾರಕರ ಇಲ್ಲವೆ ಪ್ಯಾಕ್ ಮಾಡಿದವರ ಹೆಸರು ವಿಳಾಸ ಇರಲೇಬೇಕು. ಮಾರುಕಟ್ಟೆ ಪ್ರಾಂಗಣದಲ್ಲಿ ಅಡಿಕೆ ಕೊಳ್ಳುವವರಾದರೆ ಎ.ಪಿ.ಎಂ.ಸಿ. ಲೈಸೆನ್ಸು. ಬೋರ್ಡಿನಲ್ಲಿ ಕನ್ನಡ ಮೇಲ್ಭಾಗದಲ್ಲಿ, ಶೇಕಡಾ 60ರಷ್ಟು ಇರಬೇಕೆಂದು 2024ರ ತಿದ್ದುಪಡಿ ಹೇಳುತ್ತದೆ. ಸರ್ಕಾರದ ಆಶ್ರಯವಿದೆಯೆಂದು ತೋರುವಂಥ ಹೆಸರನ್ನು 1950ರ ಲಾಂಛನಗಳು ಮತ್ತು ಹೆಸರುಗಳ ಕಾಯಿದೆ ತಡೆಯುತ್ತದೆ.

ಅಂಗಡಿಯ ಬಾಡಿಗೆ ಪತ್ರವೂ ಉಪಯುಕ್ತವಾದ ಕಾಗದ. ಒಂದು ವರ್ಷಕ್ಕೆ ಮೀರಿದ ಗುತ್ತಿಗೆಯನ್ನು ಉಪನೋಂದಣಾಧಿಕಾರಿಯಲ್ಲಿ ನೋಂದಾಯಿಸಬೇಕು. ಸ್ಥಿರಾಸ್ತಿಯ ಪತ್ರಗಳು ಹೋಗುವುದು ಅಲ್ಲಿನ 1ನೆಯ ಪುಸ್ತಕಕ್ಕೆ. ಆ ಪುಸ್ತಕವನ್ನೂ ಅದರ ಸೂಚಿಯನ್ನೂ ಶುಲ್ಕ ಕೊಟ್ಟು ಯಾರು ಬೇಕಾದರೂ ನೋಡಬಹುದು, ನಕಲು ಪಡೆಯಬಹುದು. ಗುತ್ತಿಗೆದಾರರ ಹೆಸರು ಅಲ್ಲಿ ಸಿಗುತ್ತದೆ. ಟ್ರಸ್ಟು ಪತ್ರದಲ್ಲಿ ಸ್ಥಿರಾಸ್ತಿ ಇದ್ದರೆ ಅದೂ, ಅದು ನೋಂದಣಿಯಾದ ಊರಿನಲ್ಲಿ, ಹೀಗೆಯೇ ಸಿಗುತ್ತದೆ. ಬರೇ ಚರಾಸ್ತಿಯ ಟ್ರಸ್ಟಾದರೆ ನೋಂದಣಿ ಕಡ್ಡಾಯವಲ್ಲ, ನೋಂದಾಯಿಸಿದರೂ 4ನೆಯ ಪುಸ್ತಕಕ್ಕೆ ಹೋಗುವುದರಿಂದ ಮೂರನೆಯವರಿಗೆ ನಕಲು ಕೊಡುವುದಿಲ್ಲ. ನಮ್ಮ ಸದಸ್ಯರ ಪ್ರಕರಣದಲ್ಲಿ ಈ ದಾರಿ ನಡೆಯಲಿಲ್ಲ. ಅಂಗಡಿಯ ಕರಾರು ಹನ್ನೊಂದು ತಿಂಗಳದು! ಹನ್ನೊಂದು ತಿಂಗಳ ಕರಾರನ್ನು ಕಂಡುಹಿಡಿದವನು ಯಾರೋ, ಬಹಳ ಬುದ್ಧಿವಂತನಿರಬೇಕು.

ಎಲ್ಲಕ್ಕಿಂತ ಸುಲಭವಾದ ಪುಸ್ತಕ ಜಿ.ಎಸ್.ಟಿ.ಯದು. 2017ರಿಂದ ಬಂದ ಈ ವ್ಯವಸ್ಥೆಯಲ್ಲಿ ನೋಂದಣಿ ರಾಜ್ಯವಾರು. ಒಂದೇ ಟ್ರಸ್ಟು ಕೃಷ್ಣಗಿರಿಯಲ್ಲೂ ಬಂಗಾರಪೇಟೆಯಲ್ಲೂ ವ್ಯಾಪಾರ ಮಾಡಿದರೆ ಕಾಯಿದೆಯ ಕಣ್ಣಿಗೆ ಅವು ಎರಡು ಬೇರೆ ಬೇರೆ ವ್ಯಕ್ತಿಗಳಿದ್ದಂತೆ. ಅಲ್ಲಿಂದ ಇಲ್ಲಿಗೆ ತನ್ನದೇ ಮಾಲು ಕಳುಹಿಸಿದರೂ ಅದು ಸರಬರಾಜು. ಸರಕು ವ್ಯಾಪಾರಕ್ಕೆ ವರ್ಷಕ್ಕೆ 40 ಲಕ್ಷ ರೂಪಾಯಿ ವಹಿವಾಟಿನವರೆಗೆ ಕರ್ನಾಟಕದಲ್ಲಿ ವಿನಾಯಿತಿ ಇದೆ, ನಿಜ. ಆದರೆ ತೆರಿಗೆಯುಳ್ಳ ಸರಕನ್ನು ರಾಜ್ಯದಿಂದ ರಾಜ್ಯಕ್ಕೆ ಮಾರುವವರಿಗೆ ಆ ವಿನಾಯಿತಿ ಸಿಗದು. ಹುರಿಯದ ಕಾಫಿ ಬೀಜಕ್ಕೆ ತೆರಿಗೆ ಇಲ್ಲ, ಹುರಿದು ಪುಡಿ ಮಾಡಿದ್ದಕ್ಕೆ ಇದೆ, ಎಂಬುದನ್ನು ನೆನಪಿಡಬೇಕು.

ನೋಂದಣಿ ಪತ್ರದಲ್ಲಿ ‘ಕಾನೂನುಬದ್ಧ ಹೆಸರು’, ‘ವ್ಯಾಪಾರ ಹೆಸರು’ ಎಂದು ಎರಡು ಸಾಲುಗಳಿರುತ್ತವೆ. ಟ್ರಸ್ಟು ತನ್ನ ಬೋರ್ಡಿನ ಹೆಸರನ್ನು ದಾಖಲು ಮಾಡಬೇಕಾದ ಮುಖ್ಯ ಸ್ಥಳ ಇದು. ಮೊದಲನೆಯದರಲ್ಲಿ ಟ್ರಸ್ಟಿನ ಹೆಸರು, ಪ್ಯಾನ್ ಕಾರ್ಡಿನಲ್ಲಿರುವಂತೆಯೇ. ಎರಡನೆಯದರಲ್ಲಿ ಬೋರ್ಡಿನ ಹೆಸರು. ಆ ಪತ್ರವನ್ನು ಅಂಗಡಿಯಲ್ಲಿ ಕಾಣುವಂತೆ ತೂಗುಹಾಕಬೇಕು, ನಂಬರನ್ನು ಬಾಗಿಲ ಬೋರ್ಡಿನಲ್ಲಿ ಬರೆಸಬೇಕು, ಇದು ನಿಯಮ.

ಆ ನಂಬರಿನಲ್ಲಿ ಹದಿನೈದು ಅಂಕೆ ಅಕ್ಷರಗಳಿವೆ. ಜಾತಕ ನೋಡುವ ಜೋಯಿಸರಂತೆ ಅದನ್ನು ಓದಬಹುದು, ಅದಕ್ಕಿಂತ ನಂಬಿಕೆಯಿಂದ. ಮೊದಲ ಎರಡು ಅಂಕೆ ರಾಜ್ಯದ್ದು: ಕರ್ನಾಟಕ 29, ಕೇರಳ 32, ತಮಿಳುನಾಡು 33, ಆಂಧ್ರ 37. ಬಂಗಾರಪೇಟೆಯ ಅಂಗಡಿಯ ಬಿಲ್ಲಿನಲ್ಲಿ 33ರಿಂದ ಶುರುವಾಗುವ ನಂಬರು ಕಂಡರೆ, ಆ ಅಂಗಡಿ ಇಲ್ಲಿ ನೋಂದಣಿ ಮಾಡಿಸಿದೆಯೆ ಎಂದು ಕೇಳಿ ಮುಂದುವರಿಯಿರಿ. ಅನಂತರದ ಹತ್ತು ಸ್ಥಾನ ಪ್ಯಾನ್ ನಂಬರು. ಇಡೀ ನಂಬರಿನ ಆರನೆಯ ಸ್ಥಾನದ ಅಕ್ಷರ ಯಜಮಾನರ ಜಾತಿ ಹೇಳುತ್ತದೆ: ‘ಪಿ’ ಎಂದರೆ ಒಬ್ಬ ವ್ಯಕ್ತಿ, ‘ಎಫ್’ ಪಾಲುದಾರಿಕೆ, ‘ಸಿ’ ಕಂಪನಿ, ‘ಎಚ್’ ಹಿಂದೂ ಅವಿಭಕ್ತ ಕುಟುಂಬ, ‘ಟಿ’ ಎಂದರೆ ಟ್ರಸ್ಟು. ಏಳನೆಯ ಸ್ಥಾನದಲ್ಲಿರುವುದು ಟ್ರಸ್ಟಿನ ನಿಜ ಹೆಸರಿನ ಮೊದಲ ಇಂಗ್ಲಿಷ್ ಅಕ್ಷರ. ಬೋರ್ಡಿನ ಹೆಸರು ‘ಎಂ’ನಿಂದ ಶುರುವಾಗಿ ಏಳನೆಯ ಸ್ಥಾನದಲ್ಲಿ ‘ಎಸ್’ ಇದ್ದರೆ ಬೋರ್ಡಿನ ಹೆಸರು ತೊಟ್ಟ ಹೆಸರೆಂದು ಅಲ್ಲಿಗೇ ಗೊತ್ತಾಯಿತು. ಇಷ್ಟರ ಮೇಲೆ ಜಿ.ಎಸ್.ಟಿ. ಜಾಲತಾಣದಲ್ಲಿ ಆ ನಂಬರು ಹಾಕಿದರೆ ಎರಡೂ ಹೆಸರುಗಳು, ಸಂಸ್ಥೆಯ ಸ್ವರೂಪ, ನೋಂದಣಿಯ ದಿನಾಂಕ, ನೋಂದಣಿ ಚಾಲ್ತಿಯಲ್ಲಿದೆಯೋ ರದ್ದಾಗಿದೆಯೋ ಎಂಬುದು ಕಾಸು ಖರ್ಚಿಲ್ಲದೆ ಕಾಣುತ್ತದೆ. ಮನೆಯ ಹುಡುಗರ ಕೈಯಲ್ಲಿ ಫೋನು ಇದ್ದೇ ಇರುತ್ತದಲ್ಲ.

ನಮ್ಮ ಸದಸ್ಯರ ಬಿಳಿ ಚೀಟಿಯಲ್ಲಿ ನಂಬರೇ ಇರಲಿಲ್ಲ. ಅದನ್ನು ನೋಡಿದಾಗಲೇ ಅನುಮಾನ ಬರಬೇಕಿತ್ತು. ಆದರೆ ಬೆಲೆ ಕಿಲೋಗೆ ನಾಲ್ಕು ರೂಪಾಯಿ ಹೆಚ್ಚು ಹೇಳಿದಾಗ ಚೀಟಿಯ ಬಣ್ಣ ಯಾರು ನೋಡುತ್ತಾರೆ? ನಾವೂ ನೋಡುತ್ತಿದ್ದೆವೆಂದು ಎದೆ ತಟ್ಟಿ ಹೇಳಲಾರೆವು.

ಹಣ ಬರಲಿಲ್ಲ, ದಾವೆಯೇ ಗತಿ ಎಂದಾಗ ಯಾರ ಮೇಲೆ? ಇಲ್ಲಿ ಸಿವಿಲ್ ಪ್ರಕ್ರಿಯಾ ಸಂಹಿತೆ ಬೆಳೆಗಾರನ ಪರವಾಗಿಯೇ ಇದೆ. ಅದರ 30ನೆಯ ಆದೇಶದ 10ನೆಯ ನಿಯಮದಂತೆ, ತನ್ನದಲ್ಲದ ಹೆಸರಿನಲ್ಲಿ ವ್ಯಾಪಾರ ಮಾಡುವವನ ಮೇಲೆ ಆ ಹೆಸರಿನಲ್ಲಿಯೇ ದಾವೆ ಹೂಡಬಹುದು. ಆದರೆ ಅವನು ಆ ಹೆಸರಿನಲ್ಲಿ ನಮ್ಮ ಮೇಲೆ ದಾವೆ ಹೂಡುವಂತಿಲ್ಲ. ಬೋರ್ಡು ನಮಗೆ ಗುರಿ, ಅವನಿಗೆ ಗುರಾಣಿಯಲ್ಲ. ಅದಾಗ್ಯೂ ಬರೇ ಬೋರ್ಡಿನ ಮೇಲೆ ಡಿಕ್ರಿ ಪಡೆದು ಏನು ಜಪ್ತಿ ಮಾಡುವುದು, ಎರಡು ಬೆಂಚು ಒಂದು ತಕ್ಕಡಿಯೆ? ಟ್ರಸ್ಟೆಂದು ತಿಳಿದ ಕೂಡಲೇ ಟ್ರಸ್ಟಿಗಳನ್ನು ಸೇರಿಸಬೇಕು. ಹಲವರಿದ್ದರೆ ಎಲ್ಲರನ್ನೂ ಸೇರಿಸಬೇಕೆಂದು 31ನೆಯ ಆದೇಶದ 2ನೆಯ ನಿಯಮ ಹೇಳುತ್ತದೆ. ಒಬ್ಬರನ್ನು ಬಿಟ್ಟರೆ ಎದುರಿನ ವಕೀಲರಿಗೆ ಆರು ತಿಂಗಳ ವಾಯಿದೆಗೆ ಅಷ್ಟೇ ಸಾಕು. ಇದಕ್ಕಾಗಿ ತಮಿಳುನಾಡಿಗೆ ಹೋಗಬೇಕಾಗಿಲ್ಲ. ವ್ಯಾಪಾರ ನಡೆದ ಸ್ಥಳ ಬಂಗಾರಪೇಟೆಯಾದ್ದರಿಂದ ಅಲ್ಲಿನ ನ್ಯಾಯಾಲಯ ಸಾಕು. ಮಾಲು ಕೊಟ್ಟ ದಿನದಿಂದ, ವಾಯಿದೆ ಗೊತ್ತು ಮಾಡಿದ್ದರೆ ವಾಯಿದೆ ಮುಗಿದ ದಿನದಿಂದ, ಮೂರು ವರ್ಷ ಅವಧಿ.

ಚೆಕ್ಕಿನ ದಾರಿ ಬೇರೆ, ಅವಧಿಯೂ ಬಹಳ ಕಡಿಮೆ. ಚೆಕ್ಕು ವಾಪಸಾದ ಮಾಹಿತಿ ಬ್ಯಾಂಕಿನಿಂದ ಬಂದ 30 ದಿನಗಳೊಳಗೆ ಲಿಖಿತ ನೋಟೀಸು ಹೋಗಬೇಕು. ನೋಟೀಸು ತಲುಪಿದ ಮೇಲೆ ಅವರಿಗೆ 15 ದಿನ ಸಮಯ. ಕೊಡದಿದ್ದರೆ ಅಲ್ಲಿಂದ ಒಂದು ತಿಂಗಳೊಳಗೆ ಮ್ಯಾಜಿಸ್ಟ್ರೇಟರಲ್ಲಿ ದೂರು. ಚೆಕ್ಕನ್ನು ನಮ್ಮ ಖಾತೆಗೆ ಹಾಕಿದ್ದರೆ, 2015ರ ತಿದ್ದುಪಡಿಯಂತೆ, ನಮ್ಮ ಖಾತೆ ಇರುವ ಶಾಖೆಯ ವ್ಯಾಪ್ತಿಯ ನ್ಯಾಯಾಲಯದಲ್ಲಿಯೇ ದೂರು ಕೊಡಬೇಕು, ಎಂದರೆ ನಮ್ಮೂರ ಕಡೆಯೇ. ಟ್ರಸ್ಟಿನ ಚೆಕ್ಕಾದರೆ ಯಾರ ಮೇಲೆ ಎಂಬ ಬಗ್ಗೆ ಹೈಕೋರ್ಟುಗಳಲ್ಲಿ ಭಿನ್ನಾಭಿಪ್ರಾಯವಿತ್ತು. 2025ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ಅದನ್ನು ಬಿಡಿಸಿತು: ಟ್ರಸ್ಟಿಗೆ ಪ್ರತ್ಯೇಕ ಕಾನೂನು ವ್ಯಕ್ತಿತ್ವವಿಲ್ಲವಾದ್ದರಿಂದ, ಟ್ರಸ್ಟನ್ನು ಆರೋಪಿಯಾಗಿ ಸೇರಿಸದಿದ್ದರೂ ಚೆಕ್ಕಿಗೆ ಸಹಿ ಹಾಕಿದ ಟ್ರಸ್ಟಿಯ ಮೇಲಿನ ದೂರು ನಿಲ್ಲುತ್ತದೆ.

ನಮ್ಮ ಸದಸ್ಯರು ಬಂದಾಗ 30ರಲ್ಲಿ 18 ದಿನ ಕಳೆದುಹೋಗಿತ್ತು. ಬೋರ್ಡಿನ ಹೆಸರಿಗೆ ಕಾಗದ ಬರೆದು ಕಾಯುತ್ತ ಕುಳಿತದ್ದರ ಫಲ. ಚೆಕ್ಕಿನ ಮೇಲಿನ ಹೆಸರು ಹಿಡಿದು ಟ್ರಸ್ಟಿನ ವಿಳಾಸ ಪತ್ತೆ ಮಾಡಿ, ಸಹಿ ಹಾಕಿದವರ ಹೆಸರಿಗೇ ವಕೀಲರ ನೋಟೀಸು ಹೋಯಿತು. ಹತ್ತನೆಯ ದಿನ ಕಾಫಿಯ ಬಾಬ್ತು ಜಮಾ ಆಯಿತು. ಅಡಿಕೆಗೆ ಚೆಕ್ಕು ಕೊಟ್ಟಿರಲಿಲ್ಲ, ಅದು ಇನ್ನೂ ಬಾಕಿ ಇದೆ.

ಇನ್ನೊಂದು ಮಾತು, ಹೆಸರಿನ ಒಡೆತನದ್ದು. ಮೇಲೆ ಹೇಳಿದ ಯಾವ ನೋಂದಣಿಯಿಂದಲೂ ಹೆಸರು ಅವರ ಸ್ವಂತವಾಗುವುದಿಲ್ಲ. ಕಾರ್ಮಿಕ ಇಲಾಖೆಯ ಸರ್ಟಿಫಿಕೇಟಿನಲ್ಲಿ ಒಂದು ಹೆಸರಿದೆಯೆಂದ ಮಾತ್ರಕ್ಕೆ ಪಕ್ಕದ ಬೀದಿಯವರು ಅದೇ ಹೆಸರಿಡುವುದನ್ನು ತಡೆಯಲಾಗದು. ಅದಕ್ಕೆ 1999ರ ಟ್ರೇಡ್ ಮಾರ್ಕ್ ಕಾಯಿದೆಯಡಿ ಅರ್ಜಿ ಹಾಕಬೇಕು. ಕರ್ನಾಟಕಕ್ಕೂ ತಮಿಳುನಾಡಿಗೂ ಚೆನ್ನೈ ಕಚೇರಿಯೇ. ನೋಂದಣಿ ಹತ್ತು ವರ್ಷಕ್ಕೆ, ಆಮೇಲೆ ನವೀಕರಿಸಬಹುದು. ನೋಂದಾಯಿಸದೆಯೂ ಬಹುಕಾಲ ಬಳಸಿ ಹೆಸರು ಗಳಿಸಿದವರಿಗೆ ರಕ್ಷಣೆ ಉಂಟು. ಇನ್ನು ‘ಕೊಡಗು ಅರೇಬಿಕಾ’, ‘ಬಾಬಾಬುಡನ್‌ಗಿರಿ ಅರೇಬಿಕಾ’, ‘ಶಿರಸಿ ಅಡಿಕೆ’ ಇವು 2019ರಲ್ಲಿ ಭೌಗೋಳಿಕ ಗುರುತು ಪಡೆದ ಹೆಸರುಗಳು. ಯಾವ ಟ್ರಸ್ಟೂ, ಯಾವ ಅಂಗಡಿಯೂ ಅವನ್ನು ತನ್ನ ಬ್ರಾಂಡೆಂದು ಬರೆದುಕೊಳ್ಳುವಂತಿಲ್ಲ. ಅವು ಆ ಸೀಮೆಯ ಬೆಳೆಗಾರರವು.

ನಮ್ಮಲ್ಲಿಯೂ ಕೆಲವು ಮನೆತನಗಳು ತೋಟವನ್ನು ಪಾಲಾಗದಂತೆ ಕುಟುಂಬ ಟ್ರಸ್ಟಿಗೆ ಬರೆಯುವ ಯೋಚನೆಯಲ್ಲಿವೆ. ವಯನಾಡಿನ ಕಡೆ ತೋಟವಿರುವ ಸಂಬಂಧಿಕರ ಟ್ರಸ್ಟಿಗೆ ಇಲ್ಲಿ ಪುಡಿ ಅಂಗಡಿ ತೆರೆಯುವ ಮಾತೂ ಕೇಳಿಬಂದಿದೆ. ಅವರು ಒಂದು ಸೂಕ್ಷ್ಮವನ್ನು ಗಮನಿಸತಕ್ಕದ್ದು. ಸ್ವಂತ ನೆಲದ ಬೆಳೆ ಮಾರುವ ಕೃಷಿಕನಿಗೆ ಜಿ.ಎಸ್.ಟಿ. ನೋಂದಣಿ ಬೇಡ. ಆದರೆ ಆ ಕಾಯಿದೆಯಲ್ಲಿ ‘ಕೃಷಿಕ’ ಎಂದರೆ ಒಬ್ಬ ವ್ಯಕ್ತಿ ಅಥವಾ ಹಿಂದೂ ಅವಿಭಕ್ತ ಕುಟುಂಬ ಮಾತ್ರ. ಟ್ರಸ್ಟಿನ ಹೆಸರು ಆ ವ್ಯಾಖ್ಯೆಯಲ್ಲಿಲ್ಲ. ಅದೇ ತೋಟ, ಅದೇ ಗಿಡ, ಅದೇ ಆಳುಗಳು. ಪತ್ರ ಬದಲಾದ ದಿನ ಈ ರಿಯಾಯಿತಿ ಹೋಗುತ್ತದೆ. ಆದ್ದರಿಂದ ಟ್ರಸ್ಟು ಪತ್ರ ಬರೆಸುವ ಮುಂಚೆ ವಕೀಲರೊಬ್ಬರನ್ನೇ ಅಲ್ಲ, ಲೆಕ್ಕಪರಿಶೋಧಕರನ್ನೂ ಕೇಳಬೇಕು. ಬರೆಸುವುದೇ ಆದರೆ ವ್ಯಾಪಾರ ಮಾಡುವ ಅಧಿಕಾರ, ಬೇರೆ ಹೆಸರಿನಲ್ಲಿ ಮಾಡುವ ಅಧಿಕಾರ, ಯಾರು ಸಹಿ ಹಾಕಬೇಕೆಂಬುದು, ಈ ಮೂರನ್ನೂ ಪತ್ರದಲ್ಲಿಯೇ ಬಿಡಿಸಿ ಬರೆಸಬೇಕು. ಬ್ಯಾಂಕಿನವರು ಖಾತೆ ತೆರೆಯುವಾಗ ಮೊದಲು ಕೇಳುವುದು ಆ ಪತ್ರವನ್ನೇ. ಬಿಲ್ಲು ಪುಸ್ತಕ ಅಚ್ಚು ಹಾಕಿಸುವಾಗ ಬೋರ್ಡಿನ ಹೆಸರಿನ ಕೆಳಗೆ ‘ಇಂಥ ಟ್ರಸ್ಟಿನ ವ್ಯಾಪಾರ ಶಾಖೆ’ ಎಂದು ಒಂದು ಸಾಲು ಸೇರಿಸಿದರೆ ಕೊಳ್ಳುವವರಿಗೂ ಮಾರುವವರಿಗೂ ಗೊಂದಲವಿಲ್ಲ. ಅಚ್ಚಿನವನು ಆ ಸಾಲಿಗೆ ಹೆಚ್ಚು ಹಣ ಕೇಳುವುದಿಲ್ಲ.

ಹೊಸ ಕೊಳ್ಳುಗರಿಗೆ ಮಾಲು ತುಂಬುವ ಮುಂಚೆ ಅವರ ಬಿಲ್ಲಿನದೋ ಬೋರ್ಡಿನದೋ ಒಂದು ಪ್ರತಿಯನ್ನು, ಚೆಕ್ಕು ಕೊಟ್ಟಿದ್ದರೆ ಅದರ ನಕಲನ್ನು, ಸಂಘದ ಕಚೇರಿಗೆ ತಂದು ತೋರಿಸಿ. ನಂಬರು ನೋಡಿ ಹೇಳಲು ಹತ್ತು ನಿಮಿಷ ಸಾಕು. ಚೆಕ್ಕು ವಾಪಸಾಗಿದ್ದರೆ ಬ್ಯಾಂಕಿನ ಮೆಮೊ ಕೈಗೆ ಬಂದ ದಿನಾಂಕವನ್ನು ಅದರ ಹಿಂದೆ ಬರೆದುಕೊಂಡು ಅಂದೇ ಬನ್ನಿ.